ಸರ್ವರ್‌ಗೆ ಯಾವ ಲಿನಕ್ಸ್? ಮೊದಲು ಆಯಸ್ಸು ನೋಡಿ

"ಹೊಸ ಸರ್ವರ್ ಹಾಕ್ತಿದ್ದೀವಿ, ಯಾವ ಲಿನಕ್ಸ್ ಒಳ್ಳೇದು?" ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಇಷ್ಟೇ: ಈ ಸರ್ವರ್ ಎಷ್ಟು ವರ್ಷ ಓಡಬೇಕು? ಬಹಳ ಜನ ಅದನ್ನು ಯೋಚಿಸಿರುವುದೇ ಇಲ್ಲ.

ಲಿನಕ್ಸ್‌ನ ಬೇರೆ ಬೇರೆ ರೂಪಗಳಿಗೆ ಡಿಸ್ಟ್ರೋ ಎನ್ನುತ್ತಾರೆ. ಅಪ್‌ಡೇಟ್ ಸಿಗುವ ಕಾಲವೇ ಅದರ ಆಯಸ್ಸು. ಫೆಡೋರಾ ಎಂಬ ಡಿಸ್ಟ್ರೋದ ಒಂದು ಆವೃತ್ತಿಗೆ ಅಪ್‌ಡೇಟ್ ಸಿಗುವುದು ಸುಮಾರು 13 ತಿಂಗಳು. ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ) ಅಲ್ಲದ ಉಬುಂಟುಗೆ 9 ತಿಂಗಳು. ಕಂಪನಿಗಳು ದುಡ್ಡು ಕೊಟ್ಟು ಬಳಸುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗೆ 10 ವರ್ಷ. ಹೊಸ ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಭಾಷೆ) ಬೇಕು ಎಂಬ ಒಂದೇ ಕಾರಣಕ್ಕೆ ನಾನೂ ಒಮ್ಮೆ ಆಯಸ್ಸು ಕಡಿಮೆ ಇರುವ ಡಿಸ್ಟ್ರೋ ಹಾಕಿದ್ದೆ. ಎರಡನೇ ವರ್ಷ ಅಪ್‌ಡೇಟ್ ನಿಂತಿತು. ಮುಂದಿನ ಆವೃತ್ತಿಗೆ ಹೋದರೆ ಅಪ್ಲಿಕೇಶನ್ ಕೆಡುವ ಭಯ, ಹೋಗದಿದ್ದರೆ ಭದ್ರತೆಯ ಭಯ. ಆ ಸಂಕಟ ನಿಮಗೆ ಬೇಡ.

"ಎಂಟರ್‌ಪ್ರೈಸ್ ಡಿಸ್ಟ್ರೋದಲ್ಲಿ ಎಲ್ಲಾ ಹಳೇದು, ಹಾಗಾಗಿ ಅಪಾಯ ಜಾಸ್ತಿ" ಎಂಬ ಮಾತನ್ನು ತುಂಬಾ ಕೇಳುತ್ತೇನೆ. ಇದು ತಪ್ಪು ತಿಳುವಳಿಕೆ. 2014ರಲ್ಲಿ ಬಂದ ರೆಡ್ ಹ್ಯಾಟ್ 7ರ ಕರ್ನೆಲ್ (ಲಿನಕ್ಸ್‌ನ ತಿರುಳು) ಆವೃತ್ತಿ 3.10. ಹತ್ತು ವರ್ಷವಾದರೂ ಆ ನಂಬರ್ ಬದಲಾಗಲಿಲ್ಲ. ಆದರೆ ಒಳಗಿನ ಕೋಡ್ ಹಾಗೇ ಉಳಿದಿರಲಿಲ್ಲ. ಹೊಸ ಕರ್ನೆಲ್‌ನಲ್ಲಿ ಮಾಡಿದ ರಿಪೇರಿಯನ್ನು ಮಾತ್ರ ತೆಗೆದು ಹಳೆಯದಕ್ಕೆ ಹಚ್ಚುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಬರೀ ಆವೃತ್ತಿಯ ನಂಬರ್ ನೋಡುವ ಭದ್ರತಾ ಸ್ಕ್ಯಾನರ್‌ಗೆ ಇದು ಗೊತ್ತಾಗುವುದಿಲ್ಲ, ಸುಮ್ನೆ ಕೆಂಪು ದೀಪ ತೋರಿಸುತ್ತದೆ. ರಿಪೋರ್ಟ್ ನೋಡಿ ಗಾಬರಿಯಾಗುವ ಮೊದಲು ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) ಆ ದೋಷದ ಗುರುತಾದ ಸಿವಿಇ ನಂಬರ್ ಹುಡುಕಿ. ಬಹಳ ಸಲ ರಿಪೇರಿ ಆಗಲೇ ಬಂದಿರುತ್ತದೆ.

ಕೆಲವೊಮ್ಮೆ ಹಳೆಯದೇ ಕಾಪಾಡುತ್ತದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಹೊಸತನ್ನು ಬೇಗ ತರುವ ಡೆಬಿಯನ್ ಟೆಸ್ಟಿಂಗ್‌ಗೆ, ಓಪನ್‌ಸೂಸೆ ಟಂಬಲ್‌ವೀಡ್‌ಗೆ ಅದು ಬಂದಾಗಿತ್ತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ಗೂ ಡೆಬಿಯನ್ ಸ್ಟೇಬಲ್‌ಗೂ ಬಂದಿರಲಿಲ್ಲ.

ಹಾಗಂತ ಎಲ್ಲರೂ ದುಡ್ಡು ಕೊಡಬೇಕಾ? ಬೇಡ. ಡೆಬಿಯನ್ ಸ್ಟೇಬಲ್‌ಗೆ 3 ವರ್ಷ, ಮೇಲೆ ಎಲ್‌ಟಿಎಸ್ 2 ವರ್ಷ. ಉಬುಂಟು ಎಲ್‌ಟಿಎಸ್‌ಗೆ 5 ವರ್ಷ. ವೆಬ್, ಮೇಲ್, ಡಿಎನ್‌ಎಸ್ ಸರ್ವರ್‌ಗೆ ನಾನು ಹಾಕುವುದು ಡೆಬಿಯನ್ನೇ. ಆದರೆ ಒರಾಕಲ್ ಡೇಟಾಬೇಸ್‌ನಂಥದ್ದು ಓಡಿಸುವುದಾದರೆ ತಯಾರಕರು ಒಪ್ಪಿದ ಡಿಸ್ಟ್ರೋಗಳ ಪಟ್ಟಿಯನ್ನು ಮೊದಲು ನೋಡಿ. ಅದರಲ್ಲಿ ಡೆಬಿಯನ್ ಇಲ್ಲ. ಪಟ್ಟಿಯ ಹೊರಗಿನದನ್ನು ಹಾಕಿದರೆ ತೊಂದರೆಯಾದ ರಾತ್ರಿ ಸಹಾಯಕ್ಕೆ ಯಾರೂ ಸಿಗುವುದಿಲ್ಲ.

ಎಂಟರ್‌ಪ್ರೈಸ್ ಬೇಕು, ದುಡ್ಡಿಲ್ಲ ಎನ್ನುವವರಿಗೆ ರೆಡ್ ಹ್ಯಾಟ್‌ಗೆ ಹೊಂದುವ, ಉಚಿತವಾದ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಇವೆ. ಇವು ಹುಟ್ಟಿದ ಕಾರಣವನ್ನೂ ನೆನಪಿಡಿ. 2029ರವರೆಗೆ ಇರುತ್ತದೆ ಎಂದು ಎಲ್ಲರೂ ನಂಬಿದ್ದ, ರೆಡ್ ಹ್ಯಾಟ್‌ನ ಉಚಿತ ರೂಪವಾಗಿದ್ದ ಸೆಂಟ್‌ಒಎಸ್ 8, 2021ರ ಕೊನೆಗೇ ಮುಗಿಯಿತು. ಅದು ಗೊತ್ತಾಗಿದ್ದು ಕೇವಲ ಒಂದು ವರ್ಷ ಮುಂಚೆ. ಹಾಗಾಗಿ ಡಿಸ್ಟ್ರೋ ಬಗ್ಗೆ ತೀರ್ಮಾನ ಮಾಡುವವರು ಯಾರು ಎಂಬುದನ್ನೂ ತಿಳಿದುಕೊಳ್ಳಿ.

ಇಷ್ಟಾದ ಮೇಲೂ ಹೊಸ ಪಿಎಚ್‌ಪಿ ಬೇಕೇ ಬೇಕು ಅಂದರೆ ಅದನ್ನು ಮಾತ್ರ ಕಂಟೇನರ್‌ನಲ್ಲಿ (ತನಗೆ ಬೇಕಾದ ಪ್ಯಾಕೇಜುಗಳನ್ನು ಒಳಗೇ ಇಟ್ಟುಕೊಂಡ ಡಬ್ಬಿಯಂಥದ್ದು) ಓಡಿಸಿ. ಆಗ ಆ ಕಂಟೇನರ್‌ನ ಇಮೇಜನ್ನು ಅಪ್‌ಡೇಟ್ ಮಾಡುವ ಕೆಲಸ ಪೂರ್ತಿ ನಿಮ್ಮದು. ಕೆಳಗಿನ ಡಿಸ್ಟ್ರೋ ಎಷ್ಟೇ ಗಟ್ಟಿಯಿದ್ದರೂ ಇಮೇಜಿನೊಳಗಿನ ಪ್ಯಾಕೇಜುಗಳನ್ನು ಮುಟ್ಟುವುದಿಲ್ಲ.