ಎದುರುಬದುರು ಎಲೆಕ್ಟ್ರಾನ್‌ಗಳು: ಸೌರಮಾರುತದ ಇಕ್ಕಟ್ಟಿನಲ್ಲಿ ಏನಾಗುತ್ತದೆ?

ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹೊರಬೀಳುವ ಎಲೆಕ್ಟ್ರಾನ್, ಪ್ರೋಟಾನ್‌ಗಳಂಥ ಕಣಗಳ ಗಾಳಿ, ಎಲ್ಲ ಕಡೆ ಒಂದೇ ವೇಗದಲ್ಲಿ ಬೀಸುವುದಿಲ್ಲ. ಸೂರ್ಯನ ಹೊರ ವಾತಾವರಣವಾದ ಕರೋನಾದ ರಂಧ್ರಗಳಿಂದ ಹೊರಟದ್ದು ಸೆಕೆಂಡಿಗೆ 700 ಕಿ.ಮೀ. ದಾಟಬಹುದು. ನಿಧಾನದ್ದು 300–400ರ ಆಸುಪಾಸು. ಸೂರ್ಯ ತಿರುಗುತ್ತಲೇ ಇರುತ್ತಾನಲ್ವಾ, ಹಾಗಾಗಿ ನಿಧಾನ ಗಾಳಿ ಹೋದ ದಿಕ್ಕಿಗೇ ಆಮೇಲೆ ವೇಗದ ಗಾಳಿಯೂ ಹೊರಡುತ್ತದೆ. ಅದು ಮುಂದಿನದನ್ನು ಹಿಂದಿಕ್ಕುವಂತಿಲ್ಲ, ಅದರೊಳಗೆ ನುಗ್ಗುವಂತೆಯೂ ಇಲ್ಲ. ಎರಡೂ ತಮ್ಮ ತಮ್ಮ ಕಾಂತಕ್ಷೇತ್ರವನ್ನು ಹೊತ್ತು ಬಂದಿರುತ್ತವೆ. ಹೀಗೆ ನಡುವೆ ಒತ್ತಿಕೊಂಡ ಪಟ್ಟಿಯೇ ಸ್ಟ್ರೀಮ್ ಇಂಟರಾಕ್ಷನ್ ರೀಜನ್, ಅಂದರೆ ಎಸ್‌ಐಆರ್. ಸುಮಾರು 27 ದಿನಕ್ಕೊಮ್ಮೆ ಅದೇ ಪಟ್ಟಿ ಮತ್ತೆ ಭೂಮಿಗೆ ಎದುರಾದರೆ ಸಿಐಆರ್ (ಕೋರೊಟೇಟಿಂಗ್ ಇಂಟರಾಕ್ಷನ್ ರೀಜನ್) ಅನ್ನುತ್ತಾರೆ.

ಇಲ್ಲಿ ಎಲೆಕ್ಟ್ರಾನ್‌ಗಳ ಆಟ ಬೇರೆಯೇ. ಹೆಚ್ಚಿನವು ಕಡಿಮೆ ಶಕ್ತಿಯವು, ಗಾಳಿಯ ಜೊತೆಗೇ ಸಾಗುತ್ತವೆ. ಸ್ವಲ್ಪ ಪಾಲು ಮಾತ್ರ 'ಸ್ಟ್ರಾಲ್': ಕಾಂತರೇಖೆ ಹಿಡಿದು ಸೂರ್ಯನಿಂದ ಹೊರಗೆ ಓಡುವ ಕಿರಿದಾದ ಧಾರೆ. 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 6,000 ಕಿ.ಮೀ. ಗಾಳಿ ಭೂಮಿ ತಲುಪಲು ಮೂರ್ನಾಲ್ಕು ದಿನ ತೆಗೆದುಕೊಂಡರೆ ಇದಕ್ಕೆ ಕೆಲವು ಗಂಟೆ ಸಾಕು.

ಎಸ್‌ಐಆರ್ ದೂರ ಹೋದಂತೆ ಅದರ ಎರಡೂ ಅಂಚುಗಳಲ್ಲಿ ಆಘಾತ ತರಂಗ ಹುಟ್ಟುತ್ತದೆ, ಹೆಚ್ಚಾಗಿ ಭೂಮಿಯ ಕಕ್ಷೆಯ ಆಚೆಗೆ. ಅಲ್ಲಿ ಬಿಸಿಯಾದ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಅದೇ ಕಾಂತರೇಖೆಯಲ್ಲಿ ವಾಪಸ್ ಸೂರ್ಯನ ಕಡೆ ಹರಿಯುತ್ತವೆ. ಸ್ಟ್ರಾಲ್ ಹೊರಕ್ಕೆ, ಇವು ಒಳಕ್ಕೆ. ಇದೇ ಎದುರುಬದುರು ಹರಿವು. 1990ರಲ್ಲಿ ಹಾರಿದ ಯುಲಿಸಿಸ್ ನೌಕೆ ಇದನ್ನು ಚೆನ್ನಾಗಿ ಹಿಡಿಯಿತು. ಎಲೆಕ್ಟ್ರಾನ್ ಕಾಂತರೇಖೆಗೆ ಯಾವ ಕೋನದಲ್ಲಿ ಚಲಿಸುತ್ತಿದೆ ಎಂದು ತೋರಿಸುವ ನಕ್ಷೆಯಲ್ಲಿ ಸಾಮಾನ್ಯವಾಗಿ 0 ಅಥವಾ 180 ಡಿಗ್ರಿಯ ಒಂದೇ ತುದಿ ಹೊಳೆಯುತ್ತದೆ. ಎದುರುಬದುರು ಹರಿವಿದ್ದಾಗ ಎರಡೂ ತುದಿ ಹೊಳೆಯುತ್ತವೆ, ನಡುವಿನ 90 ಡಿಗ್ರಿಯ ಸುತ್ತ ಮಬ್ಬು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಬೇರೊಂದು ಸಂಗತಿ: ಭೂಮಿಯ ಹತ್ತಿರವಿರುವ ನೌಕೆಯನ್ನು ಆಘಾತ ಮುಟ್ಟಿಯೇ ಇರುವುದಿಲ್ಲ, ಆದರೂ ಅದರ ಸುದ್ದಿ ಹೊರಗಿನಿಂದ ಬಂದುಬಿಡುತ್ತದೆ.

ತೊಂದರೆ ಏನೆಂದರೆ, ಕರೋನಾದಿಂದ ಸಿಡಿದ ಅನಿಲ-ಕಾಂತಕ್ಷೇತ್ರದ ದೊಡ್ಡ ಮುದ್ದೆಯಾದ ಸಿಎಂಇಯಲ್ಲೂ (ಕರೋನಲ್ ಮಾಸ್ ಇಜೆಕ್ಷನ್) ಇದೇ ಗುರುತು ಕಾಣುತ್ತದೆ. ಅಲ್ಲಿ ಕಾಂತರೇಖೆಯ ಎರಡೂ ಕಾಲು ಸೂರ್ಯನಲ್ಲೇ ಊರಿರುತ್ತವೆ, ಎರಡೂ ಕಡೆಯಿಂದ ಸ್ಟ್ರಾಲ್ ಬರುತ್ತದೆ. ಸುಮ್ನೆ ಎಲೆಕ್ಟ್ರಾನ್ ನೋಡಿ ತೀರ್ಪು ಕೊಡುವ ಹಾಗಿಲ್ಲ, ಪ್ರೋಟಾನ್‌ಗಳನ್ನೂ ನೋಡಬೇಕು. ಸಾಂದ್ರತೆ ಮೊದಲು ಏರಿ, ಆಮೇಲೆ ಅದು ಇಳಿಯುತ್ತಾ ವೇಗವೂ ಬಿಸಿಯೂ ಏರಿದರೆ ಅದು ಬಹುತೇಕ ಎಸ್‌ಐಆರ್. ಪ್ರೋಟಾನ್‌ಗಳು ಆ ವೇಗಕ್ಕೆ ಇರಬೇಕಾದ್ದಕ್ಕಿಂತ ತಣ್ಣಗಿದ್ದರೆ ಸಿಎಂಇ ಮೇಲೆ ಅನುಮಾನ.