ಕೊನೆಯ ಪಂದ್ಯ ಅಂತ ಯಾರೂ ಹೇಳಲಿಲ್ಲ

ಮೆಲ್ಬರ್ನ್‌ನಲ್ಲಿ ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಸೀಸನ್ ಶುರುವಾದರೆ, ವಾರದ ಮಧ್ಯೆ ಒಂದು ಸಂಜೆ ಕ್ಲಬ್ಬಿನ ಅಭಿಮಾನಿಗಳು ದೊಡ್ಡ ಹಾಲ್ ಒಂದರಲ್ಲಿ ಸೇರುತ್ತಾರೆ. ನೆಲದ ತುಂಬ ಕ್ರೇಪ್ ಕಾಗದದ ಉದ್ದುದ್ದ ಪಟ್ಟಿಗಳು. ಶಾಲೆ ಹುಡುಗಿ, ರಿಟೈರ್ ಆದ ಅಜ್ಜ, ಕೆಲಸ ಮುಗಿಸಿ ನೇರವಾಗಿ ಬಂದವರು, ಎಲ್ಲರೂ ಮಂಡಿಯೂರಿ ಕೂತು ಪಟ್ಟಿಗೆ ಪಟ್ಟಿ ಸೇರಿಸಿ ಟೇಪ್ ಅಂಟಿಸುತ್ತಾರೆ. ಒಬ್ಬರು ಅಕ್ಷರ ಕತ್ತರಿಸಿದರೆ ಇನ್ನೊಬ್ಬರು ಅದನ್ನು ಜೋಡಿಸುತ್ತಾರೆ. ಕೊನೆಗೆ ಆಳೆತ್ತರವನ್ನು ಎಷ್ಟೋ ಮೀರಿದ ಒಂದು ಬ್ಯಾನರ್ ಆಗುತ್ತದೆ. ಪಂದ್ಯದ ದಿನ ಅದನ್ನು ಕಂಬಗಳಿಗೆ ಕಟ್ಟಿ, ಹಗ್ಗ ಎಳೆದು, ಗಾಳಿಗೆ ಹರಿಯದ ಹಾಗೆ ಎತ್ತಿ ಹಿಡಿಯುತ್ತಾರೆ. ಆಟಗಾರರು ಓಡಿ ಬಂದು ಅದನ್ನು ಸೀಳಿಕೊಂಡೇ ಮೈದಾನಕ್ಕೆ ನುಗ್ಗುತ್ತಾರೆ. ಗಂಟೆಗಟ್ಟಲೆ ಮಾಡಿದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಚಿಂದಿ. ಹಾಗೆ ಚಿಂದಿಯಾಗಲಿ ಅಂತಲೇ ಅದನ್ನು ಮಾಡುವುದು.

ಯಾರಾದರೂ ನಿವೃತ್ತಿ ಹೇಳಿದ್ದರೆ ಆ ವಾರ ಬ್ಯಾನರ್ ಮೇಲೆ ಅವರ ಹೆಸರು ಇರುತ್ತದೆ. ಪಂದ್ಯ ಮುಗಿದ ಮೇಲೆ ಇಬ್ಬರು ಜೊತೆಗಾರರು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ಕರೆತರುತ್ತಾರೆ. ಎಷ್ಟೋ ಸಲ ಎದುರಾಳಿ ತಂಡದವರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಸೀಸನ್‌ನ ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಕೊನೆಯ ಪಂದ್ಯ, ಅಂದರೆ ಗ್ರ್ಯಾಂಡ್ ಫೈನಲ್ ದಿನ ಆ ವರ್ಷ ನಿವೃತ್ತರಾದವರನ್ನು ವಾಹನಗಳಲ್ಲಿ ಕೂರಿಸಿ ಮೈದಾನದ ಸುತ್ತ ಕರೆದೊಯ್ಯುತ್ತಾರೆ. ಎಂಸಿಜಿಯಲ್ಲಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಕೂತ ಸುಮಾರು ಒಂದು ಲಕ್ಷ ಜನರಿಗೆ ಕೈ ಬೀಸಲು ಸಿಗುವ ಅವಕಾಶ ಅದು.

ಆಟ ಬಿಟ್ಟು ಹೋಗುವವರಿಗೆ ಇಷ್ಟೆಲ್ಲ ಇದೆ. ಕ್ಲಬ್ ಬಿಟ್ಟು ಬೇರೆ ಕ್ಲಬ್ಬಿಗೆ ಹೋಗುವವರಿಗೆ? ಅವರಿಗೆ ಬ್ಯಾನರ್ ಇಲ್ಲ, ಹೆಗಲೂ ಇಲ್ಲ. ಸೀಸನ್ ಮುಗಿಯುವುದು ಸೆಪ್ಟೆಂಬರ್ ಕೊನೆಗೆ. ಆಟಗಾರರ ಅದಲು ಬದಲು, ಅಂದರೆ ಟ್ರೇಡ್, ನಡೆಯುವುದು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಆಗ ಮೈದಾನ ಖಾಲಿ. ಹತ್ತು ವರ್ಷ ಹೆಸರು ಕೂಗಿದವರಿಗೆ ಸುದ್ದಿ ಫೋನಿನಲ್ಲಿ ಬರುತ್ತದೆ. ಹೋದ ತಿಂಗಳು ನೋಡಿದ್ದೇ ಅವನ ಕೊನೆಯ ಪಂದ್ಯ ಅಂತ ಆಮೇಲೆ ಗೊತ್ತಾಗುತ್ತದೆ. ಈ ಆಟದಲ್ಲಿ ಬೀಳ್ಕೊಡುಗೆ ಇಷ್ಟು ನೋವಿನ ವಿಷಯ ಆಗಿದ್ದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ತಂಡದಲ್ಲಿ 18 ಜನ. ಮೊಟ್ಟೆಯಾಕಾರದ ಚೆಂಡು. ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಗುದ್ದಿ ದಾಟಿಸಬಹುದು. ಆಡುವುದು ಕ್ರಿಕೆಟ್ ಮೈದಾನದಲ್ಲಿ, ಅದಕ್ಕೂ ಕಾರಣವಿದೆ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಅಂತ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಕಾಗದ ಬರೆದರು. ಮರುವರ್ಷ ನಿಯಮಗಳನ್ನು ಬರೆದಿಟ್ಟರು. ನಾವು ಕ್ರಿಕೆಟ್‌ಗಾಗಿ ನೋಡುವ ಎಂಸಿಜಿ ಅಲ್ಲಿನವರಿಗೆ ವರ್ಷದ ಅರ್ಧ ಫೂಟಿಯ ಮನೆ.

1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ 8 ಕ್ಲಬ್‌ಗಳೊಂದಿಗೆ ಶುರುವಾಯಿತು. ಕಾಲಿಂಗ್‌ವುಡ್, ಕಾರ್ಲ್ಟನ್, ಫಿಟ್ಜ್‌ರಾಯ್, ಎಸೆಂಡನ್ ಅಂತ ಬಡಾವಣೆಗಳ ಹೆಸರೇ ಕ್ಲಬ್‌ಗಳ ಹೆಸರು. 1915ರಿಂದ ನಗರವನ್ನೇ ವಲಯಗಳಾಗಿ ಹಂಚಿದರು. ನಿಮ್ಮ ಮನೆ ಯಾವ ಬೀದಿಯಲ್ಲಿದೆಯೋ ಅದರ ಮೇಲೆ ನೀವು ಯಾವ ಕ್ಲಬ್ಬಿನವರು ಅಂತ ನಿರ್ಧಾರ. ಬೇರೆ ಕಡೆ ಆಡಬೇಕಾದರೆ ಕ್ಲಬ್ 'ಕ್ಲಿಯರೆನ್ಸ್' ಕೊಡಬೇಕು. 1930ರಲ್ಲಿ ಬಂದ ಕೂಲ್ಟರ್ ನಿಯಮ ಪಂದ್ಯವೊಂದಕ್ಕೆ 3 ಪೌಂಡ್‌ಗಿಂತ ಜಾಸ್ತಿ ಕೊಡಬಾರದು ಅಂತ ಮಿತಿ ಹಾಕಿತು. ಹೆಚ್ಚು ದುಡ್ಡಿನ ಆಸೆಗೆ ಹೋಗಲು ದಾರಿಯೇ ಕಡಿಮೆ. ಆಟಗಾರ ಅಂದರೆ ಪಕ್ಕದ ಬೀದಿಯ ಹುಡುಗ. ಆಟ ಬಿಟ್ಟ ಮೇಲೂ ಅದೇ ಬೀದಿಯಲ್ಲಿ ಸಿಗುತ್ತಾನೆ. ಇಂಥ ಕಡೆ ದೊಡ್ಡ ವಿದಾಯದ ಅಗತ್ಯವಾದರೂ ಏನಿತ್ತು?

ಆ ನಂಬಿಕೆ ಮುರಿದಿದ್ದು 1964ರಲ್ಲಿ, ರಾನ್ ಬರಾಸಿ ಹೋದಾಗ.

ಬರಾಸಿಯ ತಂದೆಯೂ ಮೆಲ್ಬರ್ನ್ ಕ್ಲಬ್ಬಿನ ಆಟಗಾರ. ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಟೊಬ್ರೂಕ್‌ನಲ್ಲಿ ಸತ್ತರು. ಮಗನಿಗೆ ಆಗ 5 ವರ್ಷ. ಹುಡುಗ ದೊಡ್ಡವನಾದ ಮೇಲೆ ಅವನು ತಂದೆಯ ಕ್ಲಬ್ಬಿಗೇ ಆಡಲಿ ಅಂತ ಮೆಲ್ಬರ್ನ್ ಪಟ್ಟು ಹಿಡಿಯಿತು. ತಂದೆ ಆಡಿದ ಕ್ಲಬ್ಬಿಗೆ ಮಗ ಸೇರಬಹುದು ಎಂಬ ನಿಯಮ ಬಂದಿದ್ದು ಹಾಗೆ. ಆ ನಿಯಮ ಬೇರೆ ರೂಪದಲ್ಲಿ ಇವತ್ತಿಗೂ ಇದೆ. ತಂದೆಯ ಜೊತೆಗಾರ, ಮುಂದೆ ಕ್ಲಬ್ಬಿನ ಕೋಚ್ ಆದ ನಾರ್ಮ್ ಸ್ಮಿತ್ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಬರಾಸಿ ಆಡುವಾಗ ಮೆಲ್ಬರ್ನ್ 6 ಸಲ ಗ್ರ್ಯಾಂಡ್ ಫೈನಲ್ ಗೆದ್ದಿತು. ಕೊನೆಯದು 1964ರಲ್ಲಿ, ಕಾಲಿಂಗ್‌ವುಡ್ ವಿರುದ್ಧ ಬರೀ 4 ಅಂಕದಿಂದ. ಬರಾಸಿಯೇ ನಾಯಕ.

ಆ ವರ್ಷ ಮುಗಿಯುವ ಮೊದಲೇ ಅವರು ಕಾರ್ಲ್ಟನ್‌ಗೆ ನಾಯಕ ಮತ್ತು ಕೋಚ್ ಆಗಿ ಹೋಗಲು ಒಪ್ಪಿದರು. ಮನೆ ಮಗ ಆಸ್ತಿ ಪತ್ರಕ್ಕೆ ಸಹಿ ಹಾಕಿ ಎದುರುಮನೆಗೆ ಹೋದ ಹಾಗೆ ಆಯಿತು. ಮೆಲ್ಬರ್ನ್ ಅಭಿಮಾನಿಗಳ ಮಕ್ಕಳ ಬೆನ್ನ ಮೇಲೆಲ್ಲ ಬರಾಸಿಯ ನಂಬರ್ 31. ಮನೆಯಲ್ಲಿ ಅಮ್ಮ ಹೊಲಿದು ಕೊಟ್ಟ ಆ 31ನ್ನು ಈಗ ಏನು ಮಾಡುವುದು? ಬಿಚ್ಚುವುದೋ, ಇಟ್ಟುಕೊಳ್ಳುವುದೋ? ಅವತ್ತಿನಿಂದ ಇವತ್ತಿನವರೆಗೆ ಆಟಗಾರನೊಬ್ಬ ಹೋದಾಗೆಲ್ಲ ಅಭಿಮಾನಿಗಳ ಮನೆಯಲ್ಲಿ ಏಳುವ ಪ್ರಶ್ನೆ ಇದೇ ಅಂತ ನನಗೆ ಅನಿಸುತ್ತದೆ. ಕಾರ್ಲ್ಟನ್ 1968 ಮತ್ತು 1970ರಲ್ಲಿ ಬರಾಸಿ ಕೋಚ್ ಆಗಿದ್ದಾಗ ಗೆದ್ದಿತು. ಮೆಲ್ಬರ್ನ್ ಮತ್ತೆ ಗೆಲ್ಲಲು 57 ವರ್ಷ ಬೇಕಾಯಿತು. 2021ರಲ್ಲಿ ಗೆದ್ದಾಗ ಬರಾಸಿಗೆ 85 ವರ್ಷ. ನಡುವೆ ಅವರೇ ಕೋಚ್ ಆಗಿ ಮೆಲ್ಬರ್ನ್‌ಗೆ ವಾಪಸ್ ಬಂದು ಹೋಗಿದ್ದರು. 2023ರಲ್ಲಿ ಅವರು ತೀರಿಕೊಂಡಾಗ, 1964ರಲ್ಲಿ ಸಿಟ್ಟಾದ ಮಕ್ಕಳು ಅಜ್ಜ ಅಜ್ಜಿಯರಾಗಿದ್ದರು. ಎಂಸಿಜಿಯ ಹೊರಗೆ ನಿಂತಿರುವ ವಿಗ್ರಹಗಳಲ್ಲಿ ಅವರದೂ ಒಂದು.

ಬರಾಸಿ ಆದ ಮೇಲೆ ಬಾಗಿಲು ಒಂದೊಂದಾಗಿ ತೆರೆಯಿತು. 1972ರಲ್ಲಿ, ಹತ್ತು ವರ್ಷ ಆಡಿದವರು ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ನಿಯಮ ಬಂತು. ಡಗ್ ವೇಡ್, ಬ್ಯಾರಿ ಡೇವಿಸ್, ಜಾನ್ ರಾಂಟಲ್ ಮೂವರೂ ತಮ್ಮ ತಮ್ಮ ಕ್ಲಬ್ ಬಿಟ್ಟು ನಾರ್ತ್ ಮೆಲ್ಬರ್ನ್ ಸೇರಿದರು. ಕ್ಲಬ್‌ಗಳು ಗಾಬರಿಯಾಗಿ ಮರುವರ್ಷವೇ ನಿಯಮವನ್ನು ಕಿತ್ತುಹಾಕಿದವು. ಆದರೆ ಹೋದವರು ಹೋಗಿಯಾಗಿತ್ತು. 1975ರಲ್ಲಿ ನಾರ್ತ್ ಮೊದಲ ಸಲ ಗೆದ್ದಿತು. ಕೋಚ್ ಮತ್ತೆ ಬರಾಸಿ.

ದೊಡ್ಡ ಪೆಟ್ಟು ಬಿದ್ದಿದ್ದು 1983ರಲ್ಲಿ, ಕೋರ್ಟಿನಲ್ಲಿ. ಹಿಂದಿನ ವರ್ಷ ಸೌತ್ ಮೆಲ್ಬರ್ನ್ ಕ್ಲಬ್ ಸಿಡ್ನಿಗೆ ಸ್ಥಳಾಂತರವಾಗಿತ್ತು. ಸಿಲ್ವಿಯೋ ಫೋಸ್ಕಿನಿ ಎಂಬ ಯುವ ಆಟಗಾರ ಮೆಲ್ಬರ್ನ್‌ನಲ್ಲೇ ಉಳಿದು ಸೇಂಟ್ ಕಿಲ್ಡಾಗೆ ಆಡಬೇಕು ಅಂದ. ಕ್ಲಬ್ ಬಿಡಲಿಲ್ಲ. ಒಬ್ಬ ಮನುಷ್ಯ ಎಲ್ಲಿ ದುಡಿಯಬೇಕು ಅಂತ ಹೀಗೆ ಕಟ್ಟಿಹಾಕುವುದು ತಪ್ಪು ಅಂತ ವಿಕ್ಟೋರಿಯಾದ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಮಟ್ಟಿಗೆ ಅದು ನ್ಯಾಯವಾದ ತೀರ್ಪು. ಅಭಿಮಾನಿಯ ಪ್ರೀತಿ ಎಷ್ಟೇ ದೊಡ್ಡದಾಗಿರಲಿ, ಅದು ಇನ್ನೊಬ್ಬರ ಕಾಲಿಗೆ ಸರಪಳಿ ಆಗಬಾರದು.

1986ರಲ್ಲಿ ಡ್ರಾಫ್ಟ್ ಬಂತು. ಬೀದಿಯ ಹುಡುಗ ಬೀದಿಯ ಕ್ಲಬ್ಬಿಗೆ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. 17-18 ವರ್ಷದ ಮಕ್ಕಳನ್ನು ಕ್ಲಬ್‌ಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಪರ್ತ್‌ನ ಹುಡುಗ ಬ್ರಿಸ್ಬೇನ್‌ಗೆ, ಅಡಿಲೇಡ್‌ನವನು ಮೆಲ್ಬರ್ನ್‌ಗೆ. 1990ರಲ್ಲಿ ಲೀಗ್ ಹೆಸರೇ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಆಯಿತು. ಈ ಮಕ್ಕಳಲ್ಲಿ ಎಷ್ಟೋ ಜನ ಕೆಲವು ವರ್ಷ ಆಡಿ, 'ಮನೆ ಕಡೆ ಹೋಗಬೇಕು' ಅನ್ನುತ್ತಾರೆ. ಊರು ಬಿಟ್ಟು ಹಾಸ್ಟೆಲ್‌ನಲ್ಲಿ ಓದಿದ ಯಾರಿಗಾದರೂ ಅದು ಅರ್ಥವಾಗುತ್ತದೆ ಅಲ್ವಾ?

ಆಟಗಾರ ಉಳಿದು ಕ್ಲಬ್ಬೇ ಹೋದದ್ದೂ ಇದೆ. ಸಾಲದಲ್ಲಿ ಮುಳುಗಿದ್ದ ಫಿಟ್ಜ್‌ರಾಯ್ 1996ರ ಆಗಸ್ಟ್ 25ರಂದು ಮೆಲ್ಬರ್ನ್‌ನಲ್ಲಿ ಕೊನೆಯ ಸಲ ಆಡಿತು. ರಿಚ್ಮಂಡ್ ವಿರುದ್ಧ 151 ಅಂಕಗಳ ಸೋಲು. ಆದರೂ ಎಂಸಿಜಿಗೆ ಸಾವಿರಾರು ಜನ ಬಂದಿದ್ದರು, ಗೆಲುವು ನೋಡಲು ಯಾರೂ ಬಂದಿರಲಿಲ್ಲ. ಇದು ಕೊನೆ ಅಂತ ಅವತ್ತು ಎಲ್ಲರಿಗೂ ಗೊತ್ತಿತ್ತು. ಮುಂದಿನ ವಾರ ಪರ್ತ್‌ನಲ್ಲಿ ಒಂದು ಪಂದ್ಯ, ಅಷ್ಟೇ. ಆಮೇಲೆ ಕ್ಲಬ್ ಬ್ರಿಸ್ಬೇನ್ ಜೊತೆ ವಿಲೀನವಾಗಿ 8 ಆಟಗಾರರು ಅಲ್ಲಿಗೆ ಹೋದರು. ಅವರಲ್ಲಿ ಕ್ರಿಸ್ ಜಾನ್ಸನ್ ಬ್ರಿಸ್ಬೇನ್ ಪರ 2001, 2002, 2003 ಮೂರು ಫೈನಲ್‌ಗಳನ್ನೂ ಗೆದ್ದರು. ಅವರು 2007ರಲ್ಲಿ ಆಟ ಬಿಟ್ಟಾಗ, ಲೀಗ್‌ನಲ್ಲಿ ಫಿಟ್ಜ್‌ರಾಯ್‌ಗೆ ಆಡಿದವರು ಯಾರೂ ಉಳಿಯಲಿಲ್ಲ.

ಸೇಂಟ್ ಕಿಲ್ಡಾದ ಜನ ಟೋನಿ ಲಾಕೆಟ್‌ರನ್ನು ಕಳೆದುಕೊಂಡಿದ್ದು 1994ರ ಕೊನೆಯಲ್ಲಿ. ಆ ಕ್ಲಬ್ಬಿಗೆ 898 ಗೋಲು ಹೊಡೆದವರು ಸಿಡ್ನಿಗೆ ಹೋದರು. 1999ರ ಜೂನ್‌ನಲ್ಲಿ ಸಿಡ್ನಿಯ ಮೈದಾನದಲ್ಲಿ ಅವರು 1,300ನೇ ಗೋಲು ಹೊಡೆದು ಎಲ್ಲರ ದಾಖಲೆ ಮುರಿದರು. ಜನ ಬೇಲಿ ಹಾರಿ ಒಳಗೆ ನುಗ್ಗಿದರು. ಅದರಲ್ಲಿ ಮೂರನೇ ಎರಡು ಭಾಗ ಗೋಲು ಸೇಂಟ್ ಕಿಲ್ಡಾದ ಬಣ್ಣದ ಬಟ್ಟೆಯಲ್ಲಿ ಬಂದವು. ದೂರದ ಮೆಲ್ಬರ್ನ್‌ನಲ್ಲಿ ಆ ಬಣ್ಣದ ಶಾಲು ಹೊದ್ದವರಿಗೆ ಅವತ್ತು ಹೆಮ್ಮೆಯೋ, ಹೊಟ್ಟೆಯುರಿಯೋ? ಎರಡೂ ಇದ್ದಿರಬೇಕು.

2012ರ ಕೊನೆಯಿಂದ ಫ್ರೀ ಏಜೆನ್ಸಿ ಜಾರಿಗೆ ಬಂತು. ಒಂದೇ ಕ್ಲಬ್ಬಿನಲ್ಲಿ 8 ವರ್ಷ ಆಡಿದವರು, ಒಪ್ಪಂದ ಮುಗಿದ ಮೇಲೆ, ಬೇರೆ ಕಡೆಯ ಕರೆಗೆ ಓಗೊಡಬಹುದು. ಅದರ ದೊಡ್ಡ ಉದಾಹರಣೆ ಲಾನ್ಸ್ ಫ್ರಾಂಕ್ಲಿನ್. ಎಲ್ಲರ ಬಾಯಲ್ಲಿ 'ಬಡ್ಡಿ'. ಹಾಥಾರ್ನ್ ಕ್ಲಬ್ಬಿನಲ್ಲಿ ಅವರ ನಂಬರ್ 23. ಅವರಿಗಿಂತ ಮುಂಚೆ ಡಾನ್ ಸ್ಕಾಟ್, ಡರ್ಮಟ್ ಬ್ರೆರಟನ್ ತೊಟ್ಟಿದ್ದ ನಂಬರ್ ಅದು. ಅಪ್ಪನ ಕಾಲದ 23, ಮಗನ ಕಾಲದ 23 ಅಂತ ಮನೆಗಳಲ್ಲಿ ಮಾತಾಡುತ್ತಾರೆ. 2013ರಲ್ಲಿ ಹಾಥಾರ್ನ್ ಗ್ರ್ಯಾಂಡ್ ಫೈನಲ್ ಗೆದ್ದಿತು. ಸಂಭ್ರಮ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಬಡ್ಡಿ ಸಿಡ್ನಿಗೆ ಹೋಗುತ್ತಾರೆ ಅನ್ನುವ ಸುದ್ದಿ. 9 ವರ್ಷಕ್ಕೆ ಸುಮಾರು 1 ಕೋಟಿ ಡಾಲರ್. ಅಭಿಮಾನಿಗಳು ಫೈನಲ್ ದಿನ ಕಪ್ ನೋಡಿ ಕುಣಿದಿದ್ದರು. ಪಕ್ಕದಲ್ಲೇ ನಿಂತಿದ್ದ ಬಡ್ಡಿಗೆ ಹೋಗಿ ಬಾ ಅನ್ನಲು ಆಗಲಿಲ್ಲ. ಮರುವರ್ಷದ ಫೈನಲ್‌ನಲ್ಲಿ ಅದೇ ಹಾಥಾರ್ನ್ ಬಡ್ಡಿಯ ಸಿಡ್ನಿಯನ್ನು ಸೋಲಿಸಿದ ಮೇಲೆ ನೋವು ಸ್ವಲ್ಪ ಆರಿತು.

ಈಗ ಬೂ ಅಂತ ಕೂಗಿ ಹೀಯಾಳಿಸುವುದರ ಬಗ್ಗೆ ಹೇಳಬೇಕು. ಹೋದವನು ಮುಂದಿನ ವರ್ಷ ಬೇರೆ ಬಣ್ಣದಲ್ಲಿ ಹಳೆಯ ಮನೆಗೆ ಆಡಲು ಬರುತ್ತಾನೆ. ಚೆಂಡು ಅವನ ಕೈಗೆ ಹೋದಾಗಲೆಲ್ಲ ಸ್ಟ್ಯಾಂಡ್‌ನಿಂದ ಬೂ ಏಳುತ್ತದೆ. 2015ರಲ್ಲಿ ಅಡಿಲೇಡ್ ಬಿಟ್ಟು ತನ್ನೂರಿನ ಹತ್ತಿರದ ಜೀಲಾಂಗ್‌ಗೆ ಹೋದ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಅದನ್ನು ಕೇಳಿದ್ದಾರೆ. ಹೊರಗಿನಿಂದ ನೋಡಿದರೆ ಬರೀ ದ್ವೇಷ ಅನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ ಹೇಳಲು ಆಗದೆ ಉಳಿದ ವಿದಾಯ ಅದು, ಆರು ತಿಂಗಳು ತಡವಾಗಿ, ಗಂಟಲು ಕಟ್ಟಿಕೊಂಡು ಹೊರಬರುತ್ತದೆ. ಲೆಕ್ಕಕ್ಕೇ ಇಲ್ಲದ ಆಟಗಾರ ಹೋದರೆ ಯಾರೂ ಬೂ ಅನ್ನುವುದಿಲ್ಲ.

ಆದರೆ ಎಲ್ಲ ಬೂ ಒಂದೇ ಅಲ್ಲ. ಆಡಮ್ ಗೂಡ್ಸ್ ಕ್ಲಬ್ ಬಿಟ್ಟವರೇ ಅಲ್ಲ. ಸಿಡ್ನಿಗೇ 372 ಪಂದ್ಯ ಆಡಿದ ಮೂಲನಿವಾಸಿ ಆಟಗಾರ. ಜನಾಂಗ ನಿಂದನೆಯ ವಿರುದ್ಧ ಮಾತಾಡಿದ್ದಕ್ಕೆ 2015ರಲ್ಲಿ ಊರೂರಿನ ಮೈದಾನಗಳಲ್ಲಿ ಅವರಿಗೆ ಬೂ ಹಾಕಿದರು. ಆ ವರ್ಷವೇ ಆಟ ಬಿಟ್ಟರು. ಗ್ರ್ಯಾಂಡ್ ಫೈನಲ್ ದಿನದ ಮೆರವಣಿಗೆಗೂ ಬರಲಿಲ್ಲ. ಲೀಗ್ ಮತ್ತು 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ಈ ಆಟದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರಿಗೆ ಸರಿಯಾದ ಬೀಳ್ಕೊಡುಗೆ ಸಿಗದೇ ಹೋಯಿತು. ಅದನ್ನು ಕ್ಲಬ್ ಪ್ರೇಮದ ಹೆಸರಲ್ಲಿ ಮುಚ್ಚಲು ಆಗುವುದಿಲ್ಲ.

ಇತ್ತೀಚೆಗೆ ಅಭಿಮಾನಿಗಳ ಸಿಟ್ಟಿನ ದಿಕ್ಕೂ ಬದಲಾಗುತ್ತಿದೆ. ಕ್ಲಬ್ಬೇ ಆಟಗಾರನನ್ನು ಕಳಿಸಿಬಿಡುವುದನ್ನು ಅವರು ಕಂಡಿದ್ದಾರೆ. 2020ರಲ್ಲಿ, ಕ್ಲಬ್ ಕೊಡಬಹುದಾದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯ ಒತ್ತಡಕ್ಕೆ ಸಿಕ್ಕ ಕಾಲಿಂಗ್‌ವುಡ್, ಇನ್ನೂ 5 ವರ್ಷ ಒಪ್ಪಂದ ಇದ್ದ ಆಡಮ್ ಟ್ರೆಲೋರ್‌ರನ್ನು ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಬಿಟ್ಟುಕೊಟ್ಟಿತು. ಹಾಥಾರ್ನ್‌ಗೆ 4 ಸಲ ಗೆದ್ದುಕೊಟ್ಟ ಸ್ಯಾಮ್ ಮಿಚೆಲ್ 2016ರಲ್ಲಿ ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರ ಆಗಿಯೂ, ಅದೇ ತಿಂಗಳು ವೆಸ್ಟ್ ಕೋಸ್ಟ್‌ಗೆ ಹೊರಟರು. 2022ರ ಸೀಸನ್‌ನಿಂದ ಅವರೇ ಹಾಥಾರ್ನ್ ಕೋಚ್.

ಗ್ಯಾರಿ ಆಬ್ಲೆಟ್ ಜೂನಿಯರ್ ಕೂಡ ಹೋಗಿ ಬಂದವರೇ. ಜೀಲಾಂಗ್‌ಗೆ 2007, 2009ರಲ್ಲಿ ಗೆದ್ದುಕೊಟ್ಟು, 2010ರ ಕೊನೆಗೆ ಹೊಸ ಕ್ಲಬ್ ಗೋಲ್ಡ್ ಕೋಸ್ಟ್‌ಗೆ ಹೋದರು. ತಂದೆಯೂ ಜೀಲಾಂಗ್‌ನ ದೊಡ್ಡ ಆಟಗಾರ. ಹಾಗಾಗಿ ಊರಿಗೆ ಡಬಲ್ ಪೆಟ್ಟು. 2018ರಲ್ಲಿ ಅವರು ವಾಪಸ್ ಬಂದಾಗ ಹಳೆಯ ಜರ್ಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ಮತ್ತೆ ಹೊರತೆಗೆಯಬಹುದಾಯಿತು.

ಅವರ ಕೊನೆಯ ಪಂದ್ಯ 2020ರ ಗ್ರ್ಯಾಂಡ್ ಫೈನಲ್. ಕೊರೊನಾ ಕಾರಣಕ್ಕೆ ಅದು ಎಂಸಿಜಿ ಬಿಟ್ಟು ಬ್ರಿಸ್ಬೇನ್‌ನ ಗಾಬಾದಲ್ಲಿ, ರಾತ್ರಿ ಹೊತ್ತು ನಡೆಯಿತು. ಮೊದಲ ಕ್ವಾರ್ಟರ್‌ನಲ್ಲೇ ಆಬ್ಲೆಟ್ ಭುಜಕ್ಕೆ ಪೆಟ್ಟಾಯಿತು. ಆದರೂ ಮತ್ತೆ ಇಳಿದು ಆಡಿದರು. ರಿಚ್ಮಂಡ್ ಗೆದ್ದಿತು. ಗೆದ್ದವರು ತಮ್ಮ ಕುಣಿತ ಒಂದು ಗಳಿಗೆ ನಿಲ್ಲಿಸಿದರು. ಸೋತವರ ಎದುರು ಸಾಲಾಗಿ ನಿಂತರು. ಎರಡು ಸಾಲಿನ ಮಧ್ಯೆ ಆಬ್ಲೆಟ್ ನಡೆದು ಹೊರಗೆ ಹೋದರು. ಜೀಲಾಂಗ್‌ನ ಅಭಿಮಾನಿಗಳಲ್ಲಿ ಬಹುಪಾಲು ಜನ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಮನೆಯಲ್ಲಿ, ಟಿವಿ ಮುಂದೆ ಇದ್ದರು. ಇದೇ ಕೊನೆಯ ಪಂದ್ಯ ಅಂತ ಈ ಸಲ ಅವರಿಗೆ ಮೊದಲೇ ಗೊತ್ತಿತ್ತು.