ದಶಮಾಂಶ: ಗ್ರಾಸ್ ಸಂಬಳಕ್ಕೋ, ಕೈಗೆ ಬಂದದ್ದಕ್ಕೋ?

ಪ್ರಶ್ನೆ: ನನ್ನ ಗ್ರಾಸ್ ಸಂಬಳ 38,000. ಪಿಎಫ್, ವಿಮೆ, ವೃತ್ತಿ ತೆರಿಗೆ ಹಿಡಿದು ಕೈಗೆ ಬರುವುದು 33,000. ಸಭೆಗೆ (ಚರ್ಚಿಗೆ) ದಶಮಾಂಶವೆಂದು, ಅಂದರೆ ಹತ್ತನೇ ಪಾಲೆಂದು, 3,800 ಕೊಡಬೇಕೋ, 3,300 ಸಾಕೋ?

ಮತ್ತೆ ಇದೇ ಪ್ರಶ್ನೆ. ಉತ್ತರವೂ ಹಳೆಯದೇ: ಬೈಬಲು ಎರಡನ್ನೂ ಕೇಳಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಸಂಬಳದ ಮೇಲೆ ದಶಮಾಂಶವೇ ಇಲ್ಲ.

"ಆಗ ದುಡ್ಡೇ ಇರಲಿಲ್ಲವಲ್ಲ" ಅನ್ನುತ್ತಾರೆ. ಇತ್ತು. ಅದೇ ಶಾಸ್ತ್ರದ ಧರ್ಮೋಪದೇಶಕಾಂಡ, 14ನೇ ಅಧ್ಯಾಯ ತೆಗೆದು ನೋಡಿ. ಬೆಳೆಯ ಹತ್ತನೇ ಪಾಲನ್ನು ಹೊರಲಾಗದಷ್ಟು ದಾರಿ ದೂರವಿದ್ದರೆ ಅದನ್ನು ಮಾರಿ, ಬೆಳ್ಳಿಯನ್ನು ಗಂಟು ಕಟ್ಟಿಕೊಂಡು ದೇವರು ಆರಿಸಿದ ಸ್ಥಳಕ್ಕೆ ಹೋಗಬೇಕು. ಅಲ್ಲಿ ದನ, ಕುರಿ, ದ್ರಾಕ್ಷಾರಸ ಏನು ಬೇಕೋ ಕೊಂಡು, ಮನೆಮಂದಿಯೆಲ್ಲ ಕೂತು ಉಂಡು ಸಂತೋಷಪಡಬೇಕು. ಹೌದು, ಕೊಟ್ಟವರೇ ಉಣ್ಣುವ ದಶಮಾಂಶ! ಈ ವಚನದ ಮೇಲೆ ಎಷ್ಟು ಪ್ರಸಂಗ ಕೇಳಿದ್ದೀರಿ? ಪ್ರತಿ ಮೂರನೇ ವರ್ಷದ ಪಾಲು ಊರಲ್ಲೇ ಉಳಿದು ಲೇವಿಯರಿಗೆ (ದೇವರ ಆಲಯದ ಸೇವೆಗೆ ನಿಂತ ಕುಲ), ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ. ಅರಣ್ಯಕಾಂಡ 18ರ ದಶಮಾಂಶ, ಉಳಿದ ಕುಲಗಳಂತೆ ನಾಡಿನಲ್ಲಿ ಪಾಲು ಸಿಗದ ಲೇವಿಯರದ್ದು. ಅವರೂ ಅದರಲ್ಲಿ ಹತ್ತನೇ ಒಂದನ್ನು ಯಾಜಕನಿಗೆ ಕೊಡಬೇಕು. ಯಾಜಕಕಾಂಡ 27ರಂತೆ ಕುರಿದನ ಎಣಿಸುವ ಕೋಲಿನ ಕೆಳಗೆ ದಾಟುವಾಗ ಹತ್ತನೆಯದ್ದು ದೇವರದ್ದು, ಒಳ್ಳೆಯದೋ ಬಡಕಲೋ ನೋಡುವಂತಿಲ್ಲ. ಬೆಳೆಯ ಪಾಲನ್ನು ಬೆಲೆ ಕೊಟ್ಟು ಬಿಡಿಸಿಕೊಳ್ಳಬೇಕೆಂದರೆ ಐದನೇ ಒಂದು ಭಾಗ ಹೆಚ್ಚಿಗೆ ತೆರಬೇಕು. ಇಷ್ಟು ಸೂಕ್ಷ್ಮ ಬರೆದ ಶಾಸ್ತ್ರದಲ್ಲಿ ಬಡಗಿಯ ಕೂಲಿಯ ಬಗ್ಗೆ, ಬೆಸ್ತನ ಮೀನಿನ ಬಗ್ಗೆ ಒಂದು ಸಾಲೂ ಇಲ್ಲ.

ಹಾಗಾದರೆ ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಎನ್ನುವ ಮಲಾಕಿಯ 3:10? ಆ ಭಂಡಾರ ದವಸದ ಉಗ್ರಾಣ. "ಆಹಾರ" ಎಂಬ ಮಾತು ವಚನದಲ್ಲೇ ಇದೆ. ಪಾಲು ನಿಂತುಹೋದಾಗ ಲೇವಿಯರು ಹೊಟ್ಟೆಪಾಡಿಗೆ ತಮ್ಮ ಹೊಲಗಳಿಗೆ ಓಡಿದ್ದು ನೆಹೆಮೀಯ 13ರಲ್ಲಿದೆ. ಆ ವಚನವನ್ನು ತಂದು ತಿಂಗಳ ಕಾಣಿಕೆ ಕವರಿಗೆ ಅಂಟಿಸಿ, ಕೊಡದವರಿಗೆ ಶಾಪ, ಕೊಟ್ಟವರಿಗೆ ನೂರರಷ್ಟು ಎಂದರೆ ಅದು ಚೀಟಿ ವ್ಯವಹಾರ.

ಹಾಗಂತ ಕೊಡಬೇಡಿ ಎಂದೆನೇ? ವಾರದ ಮೊದಲ ದಿನ, ಪ್ರತಿಯೊಬ್ಬರೂ, ಸಂಪಾದನೆಗೆ ತಕ್ಕಂತೆ ತೆಗೆದಿಡಿ ಎಂದು ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ (1 ಕೊರಿಂಥ 16:2). ನಿಮಗಾದರೆ ಸಂಬಳ ಬಂದ ದಿನ. ಉಳಿದದ್ದರಲ್ಲಿ ಕೊಡೋಣ ಅಂದವರಿಗೆ 25ನೇ ತಾರೀಕಿಗೆ ಏನೂ ಉಳಿದಿರುವುದಿಲ್ಲ. ಇಲ್ಲದ್ದನ್ನು ದೇವರು ಲೆಕ್ಕ ಹಿಡಿಯುವುದಿಲ್ಲ (2 ಕೊರಿಂಥ 8:12); ಕೈಸಾಲ ಮಾಡಿ ಕವರು ತುಂಬಬೇಡಿ. ಇಎಂಐ ಹೆಚ್ಚಿದ್ದರೆ ಶೇಕಡಾ 3ರಿಂದ ಶುರುಮಾಡಿ, ಸಾಲ ತೀರಿದ ತಿಂಗಳು ಏರಿಸಿ. ಲಕ್ಷ ದಾಟಿದ ಸಂಬಳದವರು 10ಕ್ಕೇ ನಿಂತು ಬೀಗುವುದೂ ಬೇಡ. ಮಿಜೋರಾಂನ ಹೆಂಗಸರು 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಸಭೆಗೆಂದು ಒಂದು ಹಿಡಿ ತೆಗೆದಿಡುತ್ತ ಬಂದಿದ್ದಾರೆ. ಅದರಲ್ಲಿ ಗ್ರಾಸ್ ಯಾವುದು, ನೆಟ್ ಯಾವುದು?

ಕೊಟ್ಟ ಹಣ ಎಲ್ಲಿ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದೇ ಪೌಲ ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನನ್ನೂ ಕಳಿಸಿದ. ಕಾಣಿಕೆ ಚೀಲವನ್ನು ಆರಾಧನೆ ಮುಗಿದ ಕೂಡಲೇ, ಚರ್ಚಿನಲ್ಲೇ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. 500ರದ್ದು ಎಷ್ಟು, 100ರದ್ದು ಎಷ್ಟು ಎಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಅಷ್ಟನ್ನೂ ಬ್ಯಾಂಕಿಗೆ ಕಟ್ಟಬೇಕು. ಹೂವಿಗೆ, ಆಟೋ ಬಾಡಿಗೆಗೆ ಎಂದು ಅದರಿಂದಲೇ ತೆಗೆದು ಮಿಕ್ಕದ್ದು ಕಟ್ಟಿದಿರೋ, ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ತಾಳೆಯಾಗುವುದಿಲ್ಲ. ಬಾಗಿಲ ಬಳಿಯ ಕ್ಯೂಆರ್ ಕೋಡ್ ಸಭೆಯ ಖಾತೆಯದ್ದೋ, ಖಜಾಂಚಿಯ ಸ್ವಂತ ಫೋನಿನದ್ದೋ? ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬರುವ ಹೆಸರನ್ನು ಓದಿ, ಆಮೇಲೆ ಪಿನ್ ಒತ್ತಿ.